ಊರಲ್ಲೂ ಇರಲಿ, ಬೆಂಗಳೂರಲ್ಲೂ ಇರಲಿ ಅಂದ್ರೆ ಆಗುತ್ತಾ?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಹಳ್ಳಿ. ಆರು ವರ್ಷದಿಂದ ಬೆಂಗಳೂರಿನ ಬಾಡಿಗೆ ಮನೆಯಲ್ಲಿದ್ದೇನೆ. ವೋಟರ್ ಐಡಿ ಊರಿನದೇ. ಲೋಕಸಭೆ ಚುನಾವಣೆಗೆಂದು ಊರಿಗೆ ಹೋಗಿಬರಲು ಆಗುತ್ತಿಲ್ಲ. ಅಲ್ಲಿನ ಹೆಸರು ಹಾಗೇ ಇಟ್ಟುಕೊಂಡು ಇಲ್ಲಿ ಇನ್ನೊಂದು ಕಾರ್ಡ್ ಮಾಡಿಸಬಹುದೇ?

ಉತ್ತರ: ಬರುವುದಿಲ್ಲ. 1950ರ ಪ್ರಜಾ ಪ್ರಾತಿನಿಧ್ಯ ಕಾಯ್ದೆ ಒಬ್ಬರ ಹೆಸರು ಎರಡು ಕ್ಷೇತ್ರಗಳಲ್ಲಿ ಇರಲು ಬಿಡುವುದಿಲ್ಲ. 2024ರಲ್ಲಿ ಬೆಂಗಳೂರಿಗೆ ಏಪ್ರಿಲ್ 26, ಹಾವೇರಿಗೆ ಮೇ 7 ಮತದಾನ ಇತ್ತು. ನಡುವೆ ಹನ್ನೊಂದು ದಿನ ಇದ್ದುದರಿಂದ ಎರಡೂ ಕಡೆ ಒತ್ತಿ ಬರಬಹುದಲ್ಲ ಅನ್ನಿಸಬಹುದು. ಆದರೆ ಮೈಸೂರಿನಲ್ಲಿ ತಯಾರಾಗುವ ಆ ಶಾಯಿ ಉಗುರಿನಿಂದ ಅಷ್ಟು ಬೇಗ ಬಿಡುವಂಥದ್ದಲ್ಲ.

ಇಲ್ಲಿ ಬಹಳ ಮಂದಿ ತಪ್ಪುವುದು ಫಾರಂ ಆರಿಸುವಲ್ಲಿ. ‘ಹೊಸ ಕಾರ್ಡ್ ಬೇಕು’ ಎಂದು ಫಾರಂ 6 ತುಂಬುತ್ತಾರೆ. ಅದು ಮೊದಲ ಸಲ ಹೆಸರು ಸೇರಿಸುವವರಿಗೆ. ಬೇರೆಲ್ಲೂ ನನ್ನ ಹೆಸರಿಲ್ಲ ಎಂದು ಅದರಲ್ಲಿ ಸಹಿ ಮಾಡಬೇಕು. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ನಿಮಗೆ ಬೇಕಾದದ್ದು ಫಾರಂ 8. ವಿಳಾಸ ಬದಲಾವಣೆ, ತಿದ್ದುಪಡಿ, ಕಳೆದ ಕಾರ್ಡಿನ ಬದಲು ಇನ್ನೊಂದು, ಎಲ್ಲಕ್ಕೂ 2022ರಿಂದ ಇದೊಂದೇ. ಕಾರ್ಡಿನ ನಂಬರ್ ಹಳೆಯದೇ ಉಳಿಯುತ್ತದೆ. ಇಲ್ಲಿ ಸೇರಿದ ಮೇಲೆ ಊರಿನ ಪಟ್ಟಿಯಿಂದ ನಿಮ್ಮ ಹೆಸರನ್ನು ಚುನಾವಣಾ ಅಧಿಕಾರಿಗಳೇ ತೆಗೆಯುತ್ತಾರೆ.

ಆದರೆ ಬಾಡಿಗೆದಾರರಿಗೆ ಕಷ್ಟ ಶುರುವಾಗುವುದು ವಿಳಾಸದ ದಾಖಲೆಯಲ್ಲಿ. ಕರೆಂಟ್ ಬಿಲ್ ಮಾಲೀಕರ ಹೆಸರಲ್ಲಿ ಇರುತ್ತದೆ. ಬಾಡಿಗೆ ಕರಾರು ನಡೆಯುತ್ತದೆ, ಆದರೆ ನೋಂದಣಿಯಾದದ್ದನ್ನೇ ಕೇಳುತ್ತಾರೆ. ಬೆಂಗಳೂರಿನ ಕರಾರುಗಳೋ, ನೋಂದಣಿಯ ಗೊಡವೆ ತಪ್ಪಿಸಲೆಂದೇ ಹನ್ನೊಂದು ತಿಂಗಳಿಗೆ ಬರೆದ ಛಾಪಾ ಕಾಗದಗಳು. ಹಾಗಾಗಿ ಮೊದಲು ಬ್ಯಾಂಕ್ ಅಥವಾ ಅಂಚೆ ಕಚೇರಿಯ ಪಾಸ್‌ಬುಕ್ಕಿನಲ್ಲೋ ಆಧಾರ್‌ನಲ್ಲೋ ವಿಳಾಸ ಬದಲಾಯಿಸಿಕೊಳ್ಳಿ, ಆಮೇಲೆ ಫಾರಂ 8 ಹಾಕಿ. ಯಾವ ದಾಖಲೆಯೂ ಇಲ್ಲದವರನ್ನು ಹಾಗೇ ತಳ್ಳಿಹಾಕುವಂತಿಲ್ಲ, ಸ್ಥಳಕ್ಕೆ ಬಂದು ಪರಿಶೀಲಿಸಬೇಕು.

ಊರಲ್ಲಿ ಹೊಲ-ಮನೆ ಇದೆಯಲ್ಲ, ಹೆಸರು ಅಲ್ಲೇ ಇರಲಿ ಅನ್ನುವವರೂ ಇದ್ದಾರೆ. ಕಾಯ್ದೆ ನೋಡುವುದು ನೀವು ಸಾಮಾನ್ಯವಾಗಿ ಎಲ್ಲಿ ವಾಸವಾಗಿದ್ದೀರಿ ಎಂಬುದನ್ನು. ಬರೀ ಮನೆ ಇದ್ದ ಮಾತ್ರಕ್ಕೆ ವಾಸವಾಗುವುದಿಲ್ಲ. ಹಾಸ್ಟೆಲ್ ವಿದ್ಯಾರ್ಥಿಗಳಿಗೆ ಮಾತ್ರ ತಂದೆ-ತಾಯಿಯ ಊರು, ಓದುವ ಊರು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶವಿದೆ.

ನಿಜವಾದ ಸಂಕಟ ಲೋಕಸಭೆಯದ್ದಲ್ಲ, ಪಂಚಾಯ್ತಿಯದ್ದು. ಗ್ರಾಮ ಪಂಚಾಯ್ತಿ ಮತದಾರರ ಪಟ್ಟಿ ತಯಾರಾಗುವುದು ವಿಧಾನಸಭೆಯ ಪಟ್ಟಿಯಿಂದಲೇ. ಹೆಸರು ಇಲ್ಲಿಗೆ ಬಂತೋ, ಅಲ್ಲಿನ ಪಂಚಾಯ್ತಿ ವೋಟೂ ಹೋಯಿತು. ನಾಲ್ಕೈದು ವೋಟಿನಲ್ಲಿ ಗೆಲುವು-ಸೋಲು ತೀರ್ಮಾನವಾಗುವ ವಾರ್ಡಿನಲ್ಲಿ ಇದು ಸಣ್ಣ ಮಾತಲ್ಲ. ಚುನಾವಣೆಗೆ ನಿಂತ ದೊಡ್ಡಪ್ಪನ ಮಗ ಫೋನ್ ಮಾಡಿ ಬಸ್ ಚಾರ್ಜಿನ ಮಾತೆತ್ತುವುದೂ ಉಂಟು! ಆದರೂ ಆರು ವರ್ಷ ಇಲ್ಲೇ ನೀರಿನ ಟ್ಯಾಂಕರ್‌ಗೆ ಕಾದವರು ಇಲ್ಲಿಗೇ ಬದಲಾಯಿಸಿಕೊಳ್ಳಿ ಎಂದೇ ನನ್ನ ಮಾತು. ದೊಡ್ಡಪ್ಪನ ಮಗ ಸಿಟ್ಟಾದರೆ ಜಾತ್ರೆಗೆ ಹೋದಾಗ ಸಮಾಧಾನ ಮಾಡಿದರಾಯಿತು.

ದಿನಾಂಕ ಘೋಷಣೆಯಾಗಲಿ ಎಂದು ಕಾಯುತ್ತ ಕೂರಬೇಡಿ. ನಾಮಪತ್ರದ ಕೊನೆಯ ದಿನ ದಾಟಿದರೆ ಆ ಚುನಾವಣೆ ಮುಗಿಯುವವರೆಗೆ ಪಟ್ಟಿಗೆ ಯಾರನ್ನೂ ಸೇರಿಸುವುದಿಲ್ಲ. ಅರ್ಜಿಯ ಪರಿಶೀಲನೆಗೆ, ಆಕ್ಷೇಪಣೆಗೆ ದಿನ ಹಿಡಿಯುವುದರಿಂದ ಅದಕ್ಕೂ ಹತ್ತು ದಿನ ಮುಂಚೆಯಾದರೂ ಅರ್ಜಿ ಹೋಗಿರಬೇಕು. 2024ರಲ್ಲಿ ಘೋಷಣೆಯಾದದ್ದು ಮಾರ್ಚ್ 16ಕ್ಕೆ, ಬೆಂಗಳೂರಿನಲ್ಲಿ ನಾಮಪತ್ರಕ್ಕೆ ಕೊನೆಯ ದಿನ ಏಪ್ರಿಲ್ 4. ಕೈಯಲ್ಲಿ ಉಳಿದದ್ದು ಒಂಬತ್ತು-ಹತ್ತು ದಿನ ಅಷ್ಟೇ.

ಅರ್ಜಿಯನ್ನು ಚುನಾವಣಾ ಆಯೋಗದ ECINET ಆ್ಯಪ್‌ನಲ್ಲೇ (ಮೊದಲಿನ ವೋಟರ್ ಹೆಲ್ಪ್‌ಲೈನ್) ಹಾಕಬಹುದು. ಅನುಮಾನವಿದ್ದರೆ 1950ಕ್ಕೆ ಫೋನ್ ಮಾಡಿ. ಆಮೇಲೆ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಮನೆ ನೋಡಲು ಬರುತ್ತಾರೆ, ಬಂದಾಗ ನೀವು ಆಫೀಸಿನಲ್ಲಿರುತ್ತೀರಿ, ಬಾಗಿಲಿಗೆ ಬೀಗ. ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿಡಿ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಲೋನ್ ಕೊಡುವವರೆಂದು ಕಟ್ ಮಾಡಬೇಡಿ.