ಆರು ವಾರದ ಕೋರ್ಸ್: ಬೆಳವಣಿಗೆಯ ಪಾಠವನ್ನು ಬಾಯಿಪಾಠ ಮಾಡಬೇಡಿ

ಕ್ರೀಡಾ ಕೋಚ್‌ಗಳಿಗಾಗಿ ಇರುವ ಎನ್‌ಐಎಸ್ ಸರ್ಟಿಫಿಕೇಟ್ ಕೋರ್ಸಿಗೆ ಹೊರಟ ಗೆಳೆಯರು ಮೊದಲು ಕೇಳುವುದು, "ಪರೀಕ್ಷೆಗೆ ಯಾವ ಪಾಠ ಗ್ಯಾರಂಟಿ ಬರುತ್ತೆ?" ಅಂತ. ಗ್ಯಾರಂಟಿ ನಾನು ಕೊಡಲಾರೆ. ಆದರೆ ಶಾಲೆ ಮಕ್ಕಳನ್ನು, ಕ್ರೀಡಾ ಹಾಸ್ಟೆಲ್ ಹುಡುಗರನ್ನು ತಯಾರು ಮಾಡುವವರು ಒಂದೇ ಒಂದು ಪಾಠ ಓದಲು ಸಾಧ್ಯ ಅನ್ನುವುದಾದರೆ ಬೆಳವಣಿಗೆಯ ಪಾಠ ಓದಿ. ನಾವೆಲ್ಲ ಹಾರಿಸಿ ಮುಂದೆ ಹೋಗುವ ಪಾಠವೂ ಅದೇ.

ಕೋರ್ಸಿನ ಬಗ್ಗೆ ಎರಡು ಮಾತು. ಪಟಿಯಾಲದ ಮೋತಿಬಾಗ್ ಅರಮನೆಯಲ್ಲಿ 1961ರಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯೇ ಈ ಎನ್‌ಐಎಸ್. ಕೋಚಿಂಗನ್ನೇ ಕಸುಬು ಮಾಡಿಕೊಳ್ಳುವವರಿಗೆ ಡಿಪ್ಲೊಮಾ ಇದೆ. ಆರು ವಾರದ್ದು ನಮ್ಮಂಥ ಪಿಇ (ದೈಹಿಕ ಶಿಕ್ಷಣ) ಮೇಷ್ಟ್ರುಗಳಿಗೆ ಮೊದಲ ಮೆಟ್ಟಿಲು. ಫುಟ್‌ಬಾಲ್‌ನವರ ದಾರಿ ಬೇರೆ: ಡಿ, ಸಿ, ಬಿ, ಎ, ಪ್ರೊ ಅಂತ ಲೈಸೆನ್ಸ್ ಏಣಿ. ಕ್ರಿಕೆಟ್‌ನವರಿಗೆ ಲೆವೆಲ್‌ಗಳು. ಹೆಸರು ಯಾವುದಾದರೂ ಇರಲಿ, ಮಕ್ಕಳ ಮೈ ಎಲ್ಲ ಆಟಕ್ಕೂ ಒಂದೇ.

ಈಗ ವಿಷಯಕ್ಕೆ. ಹುಟ್ಟಿದ ದಿನದಿಂದ ಎಣಿಸುವ ವಯಸ್ಸು ಒಂದು, ಮೂಳೆಯ ವಯಸ್ಸು ಇನ್ನೊಂದು. ಒಂದೇ ದಿನ ಹುಟ್ಟಿದ ಇಬ್ಬರು ಹದಿಮೂರರ ಹುಡುಗರಲ್ಲಿ ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬ ಇನ್ನೂ ಐದನೇ ಕ್ಲಾಸಿನವನ ಹಾಗೆ ಕಾಣುತ್ತಾನೆ. ತಾಲ್ಲೂಕು ಮಟ್ಟದ ಸೆಲೆಕ್ಷನ್‌ನಲ್ಲಿ ನಾವು ಯಾರನ್ನು ಆರಿಸುತ್ತೇವೆ ಅಂತ ಎದೆ ಮುಟ್ಟಿ ಹೇಳಿ! ಕ್ರಿಕೆಟ್ ಮಂಡಳಿ ಹದಿನಾರರೊಳಗಿನವರಿಗೆ ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆಸುತ್ತದಲ್ಲ, ಟಿಡಬ್ಲ್ಯೂ3 ಪರೀಕ್ಷೆ, ಅದು ಅಳೆಯುವುದು ಈ ಮೂಳೆಯ ವಯಸ್ಸನ್ನು. ಜನ್ಮದಿನಾಂಕವನ್ನಲ್ಲ. ಈ ವ್ಯತ್ಯಾಸ ಬಿಡಿಸಿ ಬರೆಯದಿದ್ದರೆ ಉತ್ತರ ಅರ್ಧ ಸತ್ತ ಹಾಗೆ.

ಎತ್ತರ ಸಮನಾಗಿ ಏರುವುದಿಲ್ಲ. ಬಾಲ್ಯದಲ್ಲಿ ವರ್ಷಕ್ಕೆ ಐದಾರು ಸೆಂಟಿಮೀಟರ್. ಆಮೇಲೆ ಇದ್ದಕ್ಕಿದ್ದಂತೆ ಜಿಗಿತ. ಹುಡುಗಿಯರಲ್ಲಿ ಅದರ ತುದಿ ಸುಮಾರು 12ಕ್ಕೆ, ವರ್ಷಕ್ಕೆ 8 ಸೆಂ.ಮೀ. ಆಸುಪಾಸು. ಹುಡುಗರಲ್ಲಿ ಸುಮಾರು 14ಕ್ಕೆ, 9ರಿಂದ 10 ಸೆಂ.ಮೀ. ಇವು ಸರಾಸರಿ, ನಿಮ್ಮ ಹುಡುಗ ಹಿಂದೆ ಮುಂದೆ ಆಗಬಹುದು. ಮೈ ಬೆಳೆಯುವುದಕ್ಕೂ ಒಂದು ಸರದಿ ಇದೆ: ಮೊದಲು ಪಾದ, ಆಮೇಲೆ ಕಾಲು, ಕೊನೆಗೆ ಮುಂಡ. ಅದಕ್ಕೇ "ಸರ್, ಶೂ ಮತ್ತೆ ಚಿಕ್ಕದಾಯ್ತು" ಅಂತ ಹುಡುಗ ಬಂದರೆ ಅಪ್ಪನ ಜೇಬಿನ ಚಿಂತೆ ಜೊತೆಗೆ ತರಬೇತಿಯ ಚಿಂತೆಯನ್ನೂ ಮಾಡಬೇಕು.

ಇದನ್ನು ಹಿಡಿಯಲು ಲ್ಯಾಬ್ ಬೇಡ. ಗೋಡೆ, ಪೆನ್ಸಿಲ್, ಟೇಪು ಸಾಕು. ಮೂರು ತಿಂಗಳಿಗೊಮ್ಮೆ, ಬರಿಗಾಲಲ್ಲಿ, ಪ್ರತಿ ಸಲವೂ ಬೆಳಿಗ್ಗೆಯೇ ಅಳೆಯಿರಿ. ಸಂಜೆ ಹೊತ್ತಿಗೆ ಬೆನ್ನುಮೂಳೆ ಕುಗ್ಗಿ ಒಂದು ಸೆಂಟಿಮೀಟರ್‌ನಷ್ಟು ಕಡಿಮೆ ತೋರಿಸಬಹುದು. ಜನವರಿಯಲ್ಲಿ 148.0, ಏಪ್ರಿಲ್‌ನಲ್ಲಿ 150.4 ಅನ್ನಿ. ಮೂರು ತಿಂಗಳಿಗೆ 2.4, ನಾಲ್ಕರಿಂದ ಗುಣಿಸಿದರೆ ವರ್ಷಕ್ಕೆ 9.6. ಹುಡುಗ ಜಿಗಿತದ ನಡುವೆ ಇದ್ದಾನೆ.

ಆಗ ಏನಾಗುತ್ತದೆ? ಲಾಂಗ್ ಜಂಪ್‌ನಲ್ಲಿ ಹಲಗೆ ಮೇಲೆ ಅಚ್ಚುಕಟ್ಟಾಗಿ ಕಾಲಿಡುತ್ತಿದ್ದವನು ಸಾಲುಸಾಲಾಗಿ ಫೌಲ್ ಮಾಡುತ್ತಾನೆ. ಕಾಲು ಉದ್ದವಾಗಿದೆ, ಹೆಜ್ಜೆಯ ಅಳತೆ ಬದಲಾಗಿದೆ, ಓಟದ ಗುರುತು ಮಾತ್ರ ಹಳೆಯ ಜಾಗದಲ್ಲೇ ಇದೆ. ತಪ್ಪು ಹುಡುಗನದ್ದಲ್ಲ, ಗುರುತು ಸರಿಸಬೇಕಾದವರು ನಾವು.

ಇನ್ನೊಂದು ತೊಂದರೆ ಮಂಡಿಯದು. ಉದ್ದವಾಗುತ್ತಿರುವ ಮೂಳೆಯ ಜೊತೆ ತೊಡೆಯ ಸ್ನಾಯು ಹೆಣಗಾಡಿ, ಮಂಡಿಚಿಪ್ಪಿನ ಕೆಳಗೆ ಕೆಳಗಾಲಿನ ಮೂಳೆಯ ಉಬ್ಬನ್ನು ಎಳೆಯುತ್ತದೆ. ಅಲ್ಲಿನ್ನೂ ಬೆಳವಣಿಗೆಯ ಮೆದು ಮೂಳೆ ಇರುವುದರಿಂದ ನೋವು, ಊತ. 1903ರಲ್ಲಿ ವಿವರಿಸಿದ ಇಬ್ಬರು ವೈದ್ಯರ ಹೆಸರಲ್ಲೇ ಇದನ್ನು ಆಸ್‌ಗುಡ್–ಶ್ಲಾಟರ್ ಅನ್ನುತ್ತಾರೆ. ಹಿಮ್ಮಡಿಯಲ್ಲಿ ಇದೇ ಥರ ಆದರೆ ಸೀವರ್ಸ್.

ಕೋರ್ಸಿಗೆ ಹೋಗುವ ಮುಂಚೆ ನನ್ನ ಹತ್ತಿರ ಒಬ್ಬ ಹುಡುಗ ಇದ್ದ. ವಾರಕ್ಕೆರಡು ದಿನ "ಮಂಡಿ ನೋವು ಸರ್" ಅಂತ ಕಟ್ಟೆ ಮೇಲೆ ಕೂರುತ್ತಿದ್ದ. ಸೋಮಾರಿ ಅಂದುಕೊಂಡು ಗ್ರೌಂಡಿನ ಉದ್ದಕ್ಕೆ ಕಪ್ಪೆ ಜಿಗಿತ ಹಾಕಿಸಿದೆ. ಕ್ಲಾಸಿನಲ್ಲಿ ಮಂಡಿಚಿಪ್ಪಿನ ಕೆಳಗಿನ ಉಬ್ಬನ್ನು ನಮ್ಮ ಕೈಯಿಂದಲೇ ಮುಟ್ಟಿ ನೋಡಿಸಿದಾಗ ನೆನಪಾಯಿತು: ಅವನು ಬೆರಳಿಟ್ಟು ತೋರಿಸುತ್ತಿದ್ದದ್ದು ಅದೇ ಜಾಗ. ಕಪ್ಪೆ ಜಿಗಿತ ಎಳೆಯುವುದೂ ಅದೇ ಜಾಗವನ್ನೇ.

ಉತ್ತರಪತ್ರಿಕೆಯಲ್ಲಿ ಪರಿಹಾರ ಬರೆಯುವಾಗ "ವಿಶ್ರಾಂತಿ" ಅಂತ ಒಂದೇ ಪದ ಹಾಕಿ ಸುಮ್ಮನಾಗಬೇಡಿ. ಜಿಗಿತ, ಗಟ್ಟಿ ನೆಲದ ಮೇಲಿನ ಓಟ ಕಡಿಮೆ ಮಾಡಿ, ತಂತ್ರ, ಸಮತೋಲನ, ಹಗುರ ಬಲದ ಅಭ್ಯಾಸ ಮುಂದುವರಿಸುವುದು, ನೋವು ನಿಲ್ಲದಿದ್ದರೆ ಡಾಕ್ಟರ ಬಳಿ ಕಳಿಸುವುದು. ಭಾರ ಎತ್ತಿದರೆ ಕುಳ್ಳಾಗುತ್ತಾರೆ ಅನ್ನುವುದು ಹಳೇ ಗಾದೆ. ಮೇಲ್ವಿಚಾರಣೆಯಲ್ಲಿ, ಸರಿಯಾದ ಭಂಗಿಯಲ್ಲಿ ಮಾಡಿಸಿದರೆ ಹಾಗಾಗುವುದಿಲ್ಲ. ಎತ್ತರ ಸರ್ರನೆ ಏರುವ ಹಂತ ಮುಗಿದ ಕೆಲ ತಿಂಗಳ ನಂತರ ಬಲ ತಾನೇ ವೇಗವಾಗಿ ಕೂಡುತ್ತದೆ, ಭಾರ ಏರಿಸಲು ಆಗ ಹೊತ್ತು.

ಹುಡುಗಿಯರ ವಿಷಯದಲ್ಲಿ ನಮ್ಮ ಗಂಡು ಮೇಷ್ಟ್ರುಗಳು ಮುಜುಗರಪಟ್ಟು ಬಿಡುವ ಪ್ರಶ್ನೆ ಒಂದಿದೆ. ಮುಟ್ಟು ತಿಂಗಳುಗಟ್ಟಲೆ ನಿಂತರೆ ಅದು ಕಠಿಣ ಅಭ್ಯಾಸದ ಬಿರುದಲ್ಲ. ಖರ್ಚಾಗುವಷ್ಟು ಶಕ್ತಿ ಊಟದಿಂದ ಸಿಗುತ್ತಿಲ್ಲ ಅನ್ನುವ ಸೂಚನೆ ಇರಬಹುದು, ಮೂಳೆಗೆ ಪೆಟ್ಟು. ಡಾಕ್ಟರಿಗೆ ತೋರಿಸಲೇಬೇಕು. ಅವಳು ಯಾರ ಹತ್ತಿರ ಹೇಳಿಕೊಳ್ಳಬಹುದು ಅನ್ನುವುದನ್ನು ಮೊದಲೇ ಗೊತ್ತು ಮಾಡಿ.

ಕಾನೂನು ಚಿಕ್ಕದಾಗಿ: 2012ರ ಪೋಕ್ಸೊ ಕಾಯ್ದೆಯಲ್ಲಿ 18ರೊಳಗಿನವರೆಲ್ಲ ಮಕ್ಕಳೇ. ಲೈಂಗಿಕ ದೌರ್ಜನ್ಯ ಗೊತ್ತಾದರೆ ತಿಳಿಸುವುದು 19ನೇ ಕಲಂ ಪ್ರಕಾರ ಕಡ್ಡಾಯ. ಸುಮ್ಮನಿದ್ದರೆ 21ನೇ ಕಲಂ ಪ್ರಕಾರ ಶಿಕ್ಷೆ. "ನಮ್ಮೊಳಗೇ ಮುಗಿಸಿಕೊಂಡ್ವಿ" ಅನ್ನುವುದಕ್ಕೆ ಅಲ್ಲಿ ಜಾಗವಿಲ್ಲ. ಸಹಾಯವಾಣಿ 1098.

ಪ್ರಾಕ್ಟಿಕಲ್‌ಗೆ ಒಂದೇ ಸಲಹೆ. ಪಾಠ ತೋರಿಸುವಾಗ ಬಿಸಿಲು ನಿಮ್ಮ ಮುಖಕ್ಕೆ ಬೀಳಲಿ, ಸಾಲಿನಲ್ಲಿ ನಿಂತವರ ಬೆನ್ನಿಗಿರಲಿ. ನನ್ನ ಸರದಿಯಲ್ಲಿ ಎಲ್ಲರೂ ಹಣೆಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡುತ್ತಿದ್ದರು. ನಮಸ್ಕಾರ ಮಾಡುತ್ತಿದ್ದಾರೆ ಅಂದುಕೊಂಡೆ.