ಬ್ಯಾರೆಲ್ ಡೀಸೆಲ್‌ಗೆ ನೀರು ಸೇರಿದೆ, ಏನು ಮಾಡಲಿ?

ಮೂಡಿಗೆರೆ ಕಡೆಯ ಓದುಗರೊಬ್ಬರ ಪ್ರಶ್ನೆ: "ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯಲು ತಂದ ಡೀಸೆಲ್ ಅರ್ಧ ಬ್ಯಾರೆಲ್ ಉಳಿದಿತ್ತು. ಮಳೆಗಾಲ ಕಳೆದ ಮೇಲೆ ನೋಡಿದರೆ ಅಡಿಯಲ್ಲಿ ನೀರು. ಸೋಸಿ ಬಳಸಬಹುದಾ? ಕಳೆ ಮೆಷಿನ್ನಿನ ಪೆಟ್ರೋಲಿಗೂ ಹಾಗೇ ಮಾಡಬಹುದಾ?"

ಡೀಸೆಲ್ ಉಳಿಸಿಕೊಳ್ಳಬಹುದು. ಪೆಟ್ರೋಲ್ ಆಸೆ ಬಿಟ್ಟುಬಿಡಿ.

ನೀರು ಡೀಸೆಲ್‌ಗಿಂತ ಭಾರ, ಅಡಿಗೆ ಇಳಿಯುತ್ತದೆ. ಹಾಗಾಗಿ ಬ್ಯಾರೆಲ್ ಉರುಳಿಸಬೇಡಿ, ಕಲಕಬೇಡಿ. ಒಂದು ಪಕ್ಕಕ್ಕೆ ಇಟ್ಟಿಗೆ ಕೊಟ್ಟು ಸ್ವಲ್ಪ ವಾಲಿಸಿ ಎರಡು ದಿನ ಸುಮ್ನೆ ಬಿಡಿ, ನೀರು ತಗ್ಗಿನ ಮೂಲೆಗೆ ಸೇರಿಕೊಳ್ಳುತ್ತದೆ. ಆಮೇಲೆ ಎತ್ತರದ ಕಡೆಯಿಂದ ಹ್ಯಾಂಡ್ ಪಂಪಿನಲ್ಲಿ ನಿಧಾನವಾಗಿ ಮೇಲಿನದ್ದನ್ನು ಎತ್ತಿ. ಅಡಿಯ ಮೂರು ಇಂಚು ಮುಟ್ಟಬೇಡಿ. ಪೈಪಿಗೆ ಬಾಯಿ ಹಾಕಿ ಎಳೆಯುವುದು ಬೇಡವೇ ಬೇಡ, ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಯೇ ಗತಿ.

ಎತ್ತಿದ್ದನ್ನು ಒಂದು ಗಾಜಿನ ಬಾಟಲಿಗೆ ಹಾಕಿ ಬೆಳಕಿಗೆ ಹಿಡಿಯಿರಿ. ಆಚೆ ಬದಿಯ ಅಕ್ಷರ ಸ್ಪಷ್ಟವಾಗಿ ಕಂಡರೆ ಸರಿ. ಮಂಜು ಮಂಜಾಗಿದ್ದರೆ ನೀರಿನ ಸಣ್ಣ ಹನಿಗಳು ಇನ್ನೂ ತೇಲುತ್ತಿವೆ ಅಂತ ಅರ್ಥ, ಇನ್ನೆರಡು ದಿನ ಕಾಯಿರಿ. ಪಂಚೆ ಬಟ್ಟೆಯಲ್ಲಿ ಸೋಸಿದರೆ ಕಸ ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ. ಒಂದು ವರ್ಷ ನಾವು ಹಾಗೆ ಸೋಸಿ ಹಾಕಿದ್ದೆವು. ಪಂಪ್‌ಸೆಟ್ ಕೆಮ್ಮಿ ಕೆಮ್ಮಿ ನಿಂತಿತು, ಫಿಲ್ಟರ್ ಬಿಚ್ಚಿದರೆ ಕಂದು ಬಣ್ಣದ ಲೋಳೆ. ನೀರೂ ಡೀಸೆಲ್ಲೂ ಸೇರುವ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಆಗುವ ಲೋಳೆ ಅದು. ನಿಮ್ಮ ಬ್ಯಾರೆಲ್‌ನಲ್ಲಿ ಅದು ಜಾಸ್ತಿ ಇದ್ದರೆ ಆ ಡೀಸೆಲ್ಲೇ ಬೇಡ.

ಹೀಗೆ ಉಳಿಸಿದ್ದನ್ನು ಹಳೇ ಪಂಪ್‌ಸೆಟ್‌ಗೆ ಹಾಕಿ, ಫಿಲ್ಟರ್ ಕೆಳಗಿನ ಡ್ರೈನ್ ಸ್ಕ್ರೂವನ್ನು ಆಗಾಗ ಸಡಿಲಿಸಿ ನೋಡುತ್ತಿರಿ. ಹೊಸ ಪಿಕಪ್‌ಗೆ ಮಾತ್ರ ಬೇಡ, ಅದರ ಇಂಜೆಕ್ಟರ್‌ಗೆ ಹನಿ ನೀರೂ ತಡೆಯುವುದಿಲ್ಲ.

ಪೆಟ್ರೋಲಿನ ಕಥೆ ಬೇರೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ತನಕ ಎಥನಾಲ್ ಇರುತ್ತದೆ. ಅದು ಮೊದಮೊದಲು ನೀರನ್ನು ಹೀರಿಕೊಳ್ಳುತ್ತದೆ, ನೀರು ಮಿತಿ ಮೀರಿದ ಕೂಡಲೇ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಅಡಿಗೆ ಇಳಿಯುತ್ತದೆ. ನೀವು ಅಡಿಯದ್ದನ್ನು ತೆಗೆದರೂ ಮೇಲೆ ಉಳಿಯುವುದು ಆಕ್ಟೇನ್ (ಇಂಜಿನ್ ಬಡಿಯದಂತೆ ಉರಿಯುವ ಗುಣ) ಕಳೆದುಕೊಂಡ ಪೆಟ್ರೋಲ್. ಕಳೆ ಮೆಷಿನ್ನಿಗೆ ಇನ್ನೂ ಅಪಾಯ: ಇಂಜಿನ್ ಸವೆಯದಿರಲಿ ಅಂತ ಪೆಟ್ರೋಲಿಗೆ ಬೆರೆಸಿದ 2ಟಿ (ಟೂ-ಸ್ಟ್ರೋಕ್) ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ, ಟ್ಯಾಂಕಿನ ತಳದ ಪೈಪ್ ಎಳೆಯುವುದು ಆಯಿಲ್ಲೇ ಇಲ್ಲದ ನೀರು-ಎಥನಾಲ್. ಪಿಸ್ಟನ್ ಹಿಡಿದುಕೊಳ್ಳಲು ಅಷ್ಟು ಸಾಕು ಅಲ್ವಾ?

ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ದೂರದ ಒಲೆಯಿಂದಲೂ ಬೆಂಕಿ ಹಿಡಿಯುತ್ತದೆ. ಹಾಗಾಗಿ ಬಯಲಲ್ಲಿ, ಕ್ಯಾನನ್ನು ನೆಲಕ್ಕೇ ಇಟ್ಟು ಕೆಲಸ ಮಾಡಿ. ಬಿಸಿ ಮಾಡಿ ನೀರು ಆರಿಸುತ್ತೇನೆ ಅಂತ ಡೀಸೆಲ್ಲನ್ನೂ ಒಲೆ ಹತ್ತಿರ ತರಬೇಡಿ. ಲೈಸೆನ್ಸ್ ಇಲ್ಲದೆ ಸ್ವಂತಕ್ಕೆ ಇಟ್ಟುಕೊಳ್ಳಬಹುದಾದ ಪೆಟ್ರೋಲ್ 30 ಲೀಟರ್ ಮಾತ್ರ. ಉಳಿದ ಕೊಳಕನ್ನು ಮುಚ್ಚಳದ ಕ್ಯಾನಿಗೆ ತುಂಬಿ, ಸುಟ್ಟ ಆಯಿಲ್ ಕೂಡಿಡುವ ಗ್ಯಾರೇಜಿನಲ್ಲಿ ತೆಗೆದುಕೊಳ್ಳುತ್ತಾರಾ ಕೇಳಿ. ತೋಟದ ಚರಂಡಿಗೆ ಚೆಲ್ಲಿದರೆ ಅದು ಹಳ್ಳ ಸೇರಿ ಹೇಮಾವತಿಗೇ ಹೋಗುವುದು.

ಇನ್ನು ನೀರು ಬಂದದ್ದು ಎಲ್ಲಿಂದ? ಮುಖ್ಯವಾಗಿ ಮುಚ್ಚಳದಿಂದ. ನಿಲ್ಲಿಸಿದ ಬ್ಯಾರೆಲ್ ತಲೆಯ ಮೇಲೆ ಅಂಚಿನವರೆಗೆ ಮಳೆನೀರು ನಿಲ್ಲುತ್ತದೆ. ಹಗಲು ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ, ರಾತ್ರಿ ತಣ್ಣಗಾದಾಗ ಬ್ಯಾರೆಲ್ ಉಸಿರೆಳೆದ ಹಾಗೆ ಮುಚ್ಚಳದ ತಿರುಪಿನ ಸಂದಿಯಲ್ಲಿ ಆ ನೀರನ್ನೇ ಒಳಗೆ ಎಳೆಯುತ್ತದೆ. ಜೂನ್‌ಗೆ ಮೊದಲೇ ಅದನ್ನು ಶೆಡ್ಡಿಗೆ ಸೇರಿಸಿ. ಜಾಗ ಇಲ್ಲದಿದ್ದರೆ ಮೇಲೆ ತಗಡು ಹೊದಿಸಿ, ನೀರು ಮುಚ್ಚಳದ ಕಡೆ ನಿಲ್ಲದಂತೆ ಓರೆಯಾಗಿಡಿ.