ಡಬಲ್ ಎಂದಾಗಲೇ ಹೇಳಿ ಮುಗಿದ ಅಂಕಗಳು

ನಾಲ್ವರು ಇಬ್ಬಿಬ್ಬರ ಜೋಡಿಯಾಗಿ ಆಡುವ ಎಲೆಯಾಟವಾದ ಬ್ರಿಜ್ ಅನ್ನು ನಾನು ಕಲಿಸುವ ಮೇಜಿನಲ್ಲಿ ವಾರಕ್ಕೊಮ್ಮೆಯಾದರೂ ಕಾಣುವ ಒಂದು ತಪ್ಪಿದೆ. ಬಲಗಡೆಯ ಎದುರಾಳಿ 1 ಡೈಮಂಡ್ (ಡೈಮಂಡ್ ತುರುಪಾದರೆ ಆರರ ಮೇಲೆ ಒಂದು, ಅಂದರೆ 7 ಟ್ರಿಕ್ ಅಥವಾ ಸುತ್ತು ಗೆಲ್ಲುತ್ತೇವೆ ಎಂಬ ಕರೆ) ಎಂದು ಬಿಡ್ಡಿಂಗ್ ಆರಂಭಿಸುತ್ತಾರೆ, ನಮ್ಮವರು ಟೇಕೌಟ್ ಡಬಲ್ ಕೊಡುತ್ತಾರೆ, ಎಡಗಡೆಯವರು ಪಾಸ್ ಅನ್ನುತ್ತಾರೆ, ಜೊತೆಗಾರರು 1 ಆಟೀನು (ಹಾರ್ಟ್ಸ್) ಹೇಳುತ್ತಾರೆ, ಓಪನರ್, ಅಂದರೆ ಬಿಡ್ಡಿಂಗ್ ಆರಂಭಿಸಿದವರು, ಪಾಸ್. ಇಲ್ಲಿಯವರೆಗೆ ಎಲ್ಲವೂ ಸರಿ. ಅನಂತರ ನಮ್ಮವರು ಕೈಯ ಎಲೆಗಳನ್ನು ಮತ್ತೊಮ್ಮೆ ಬಿಡಿಸಿ, ಅಂಕಗಳನ್ನು (ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1) ಮತ್ತೊಮ್ಮೆ ಎಣಿಸಿ, 3 ಆಟೀನು ಎನ್ನುತ್ತಾರೆ. ಯಾಕೆಂದು ಕೇಳಿದರೆ ಸಿಗುವ ಉತ್ತರ ಯಾವಾಗಲೂ ಒಂದೇ: "ನನ್ನಲ್ಲಿ 14 ಅಂಕ ಇತ್ತಲ್ಲ, ಮಾಷ್ಟ್ರೇ."

ಇತ್ತು, ನಿಜ. ಆದರೆ ಆ 14 ಅಂಕಗಳ ಸುದ್ದಿಯನ್ನು ಡಬಲ್ ಎಂಬ ಒಂದೇ ಮಾತಿನಲ್ಲಿ ಅವರು ಆಗಲೇ ಜೊತೆಗಾರರಿಗೆ ಮುಟ್ಟಿಸಿದ್ದರು. ಡಬಲ್ ಎಂದರೆ "ನನ್ನಲ್ಲಿ ಬಿಡ್ಡಿಂಗ್ ಆರಂಭಿಸುವಷ್ಟು ಬಲ ಇದೆ, ಡೈಮಂಡ್ ಕಡಿಮೆ ಇದೆ, ಉಳಿದ ಮೂರು ಸೂಟ್‌ಗಳಿಗೂ ಬೆಂಬಲ ಇದೆ" ಎಂದರ್ಥ. ಅದನ್ನೇ ಎರಡನೆಯ ಸಲ ಹೇಳಿದಾಗ ಜೊತೆಗಾರರು ಅದನ್ನು ಹಳೆಯ ಸುದ್ದಿ ಎಂದುಕೊಳ್ಳುವುದಿಲ್ಲ, ಇನ್ನೂ 4-5 ಅಂಕ ಹೆಚ್ಚಿಗೆ ಇದೆ ಎಂದೇ ತಿಳಿಯುತ್ತಾರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡಿನವರಾದ ನಮಗೆ ಇದನ್ನು ತಾಳಮದ್ದಳೆಯ (ವೇಷ, ಕುಣಿತ ಇಲ್ಲದ ಮಾತಿನ ಯಕ್ಷಗಾನದ) ಮಾತಿನಲ್ಲಿ ಹೇಳುವುದು ಸುಲಭ. ಪೀಠಿಕೆಯಲ್ಲಿ ಹೇಳಿದ್ದನ್ನೇ ಸಂವಾದದಲ್ಲಿ ಮತ್ತೆ ಹೇಳುವ ಅರ್ಥಧಾರಿ ಎದುರಿನವರ ಮಾತನ್ನು ಕೇಳಿಸಿಕೊಂಡಿಲ್ಲ ಎಂದೇ ಸಭೆ ತಿಳಿಯುತ್ತದೆ.

ನಾನು ಹಲಗೆಯ ಮೇಲೆ ಬರೆದು ತೋರಿಸುವ ಕೈ ಇದು. ಇಸ್ಪೀಟಿನಲ್ಲಿ ರಾಜ, ರಾಣಿ, 7, 4. ಆಟೀನಿನಲ್ಲಿ ಎಕ್ಕ, 9, 8, 3. ಡೈಮಂಡ್‌ನಲ್ಲಿ 6, 2. ಕಳಾವರ್‌ನಲ್ಲಿ ರಾಜ, ರಾಣಿ, 5. ಒಟ್ಟು 14. ಕಟ್ಟಿನಲ್ಲಿ ಇರುವುದು 40 ಅಂಕ. ನಮ್ಮ 14 ಕಳೆದರೆ 26. ಓಪನರ್‌ಗೆ ಕಡಿಮೆಯೆಂದರೆ 12 ಕೊಟ್ಟರೆ ಉಳಿಯುವುದು 14, ಅದೂ ಇಬ್ಬರ ನಡುವೆ. ಅಂದರೆ ಜೊತೆಗಾರರ ಪಾಲಿಗೆ ಸರಾಸರಿ 7. ಅವರಲ್ಲಿ 9ರಿಂದ 11 ಅಂಕ ಇದ್ದಿದ್ದರೆ ಒಂದು ಮೆಟ್ಟಿಲು ಹಾರಿ 2 ಆಟೀನು ಎನ್ನುತ್ತಿದ್ದರು. 12 ಮುಟ್ಟಿದ್ದರೆ ಎದುರಾಳಿಯ ಡೈಮಂಡನ್ನೇ ಹೇಳಿ ಎಚ್ಚರಿಸುತ್ತಿದ್ದರು. ಎರಡನ್ನೂ ಮಾಡಲಿಲ್ಲವಾದ್ದರಿಂದ ಅವರಲ್ಲಿ ಹೆಚ್ಚೆಂದರೆ 8. ಹದಿನಾಲ್ಕಕ್ಕೆ ಎಂಟು ಕೂಡಿಸಿದರೆ 22, ಆಟೀನಿನ ಗೇಮ್‌ಗೆ (ದೊಡ್ಡ ಬೋನಸ್ ಸಿಗುವ 4 ಆಟೀನಿನ ಕರೆಗೆ) ಸಾಮಾನ್ಯವಾಗಿ ಬೇಕಾಗುವುದು 25 ಅಥವಾ 26. ತಲುಪಲಾಗದ ಊರಿಗೆ ಅರ್ಧ ದಾರಿಯ ಟಿಕೆಟ್ ಕೊಂಡು ಏನು ಪ್ರಯೋಜನ?

ಇನ್ನೂ ಮುಖ್ಯವಾದದ್ದೆಂದರೆ, ಜೊತೆಗಾರರು ತಮ್ಮ ಇಷ್ಟದಿಂದ ಮಾತನಾಡಿದವರಲ್ಲ. ಎಡಗಡೆಯವರು ಪಾಸ್ ಅಂದ ಮೇಲೆ, ಒಂದು ಅಂಕವೂ ಇಲ್ಲದಿದ್ದರೂ, ಅವರು ಏನಾದರೊಂದು ಹೇಳಲೇಬೇಕಾಗಿತ್ತು. ಬೇರೆ ದಾರಿಯಿಲ್ಲದೆ ಮೂರೇ ಎಲೆಯ ಸೂಟನ್ನು ಹೇಳಿರುವ ಸಂದರ್ಭವೂ ಉಂಟು. ಒತ್ತಾಯಕ್ಕೆ ಹೇಳಿಸಿದ ಮಾತನ್ನು ಬಲದ ಸೂಚನೆಯೆಂದು ತಿಳಿದು ಅದರ ಮೇಲೆ ಮಾಳಿಗೆ ಕಟ್ಟುವುದೇ ಈ ತಪ್ಪಿನ ಬೇರು.

ಈ ಅಭ್ಯಾಸ ಎಲ್ಲಿಂದ ಬಂತೆಂಬುದು ನನಗೆ ಅರ್ಥವಾಗುತ್ತದೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಬ್ರಿಜ್ ಮೊದಲ ಬಾರಿಗೆ ಸೇರಿ, ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಜೋಡಿ ಭಾರತಕ್ಕೆ ಚಿನ್ನ ತಂದ ಮೇಲೆ ಕಾಸರಗೋಡಿನಲ್ಲಿ ನನ್ನ ಬಳಿ ಕಲಿಯಲು ಬಂದವರಲ್ಲಿ ಹೆಚ್ಚಿನವರು ಇಪ್ಪತ್ತೆಂಟು ಎಂಬ ಎಲೆಯಾಟ ಆಡಿ ಬೆಳೆದವರು. ಆ ಆಟದಲ್ಲಿ ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕ ಮತ್ತು ಹತ್ತಕ್ಕೆ ಒಂದೊಂದು. ಅಲ್ಲಿ ಕರೆ ಏರಿಸುವವರು ಮುಖ್ಯವಾಗಿ ತಮ್ಮ ಕೈಯನ್ನು ನಂಬಿ ಏರಿಸುತ್ತಾರೆ. ಬ್ರಿಜ್‌ಗೆ ಬಂದಾಗ ಗುಲಾಮನ ಬೆಲೆ ಇಳಿದದ್ದನ್ನು ಅವರು ಒಂದೇ ದಿನದಲ್ಲಿ ಕಲಿಯುತ್ತಾರೆ. ಬಿಡ್ ಎಂದರೆ ಇಬ್ಬರ ನಡುವಿನ ಮಾತುಕತೆ ಎಂಬುದನ್ನು ಕಲಿಯಲು ಒಂದು ವರ್ಷ ಬೇಕಾಗುತ್ತದೆ.

ಬದಿಯಡ್ಕದ ಕಡೆಯ ಹಿರಿಯ ಕೃಷಿಕರೊಬ್ಬರು ಆಟಿ ತಿಂಗಳ ಮಳೆಗೆ ತೋಟದ ಕೆಲಸ ನಿಂತಾಗ ತಪ್ಪದೆ ಬರುತ್ತಾರೆ. ಕಳೆದ ಆಟಿಯಲ್ಲಿ ಅವರಿಗೆ ಹೆಚ್ಚು ಕಡಿಮೆ ಮೇಲೆ ಬರೆದಂಥದೇ ಕೈ ಬಂತು. 3 ಆಟೀನು ಎಂದರು; ಎದುರಾಳಿ ದಂಡ ಹೆಚ್ಚಿಸುವ ಡಬಲ್ ಮಾಡಿದರು; ಎಲ್ಲರೂ ಪಾಸ್. ಜೊತೆಗಾರರ ಕೈಯಲ್ಲಿ ಇದ್ದದ್ದು ಒಂದು ರಾಣಿ, ಎರಡು ಗುಲಾಮ. ಬಂದದ್ದು 7 ಟ್ರಿಕ್. ವಲ್ನರಬಲ್ (ಸೋತರೆ ದಂಡ ಹೆಚ್ಚಾಗುವ ಸ್ಥಿತಿ) ಆಗಿದ್ದರಿಂದ 500 ಹೋಯಿತು. 1 ಆಟೀನಿಗೆ ಬೇಕಾಗಿದ್ದದ್ದು ಅದೇ 7 ಟ್ರಿಕ್; ಎದುರಾಳಿಗಳು ಅಲ್ಲಿಗೇ ಬಿಟ್ಟಿದ್ದರೆ 80 ಬರುತ್ತಿತ್ತು. ಅವರು ಬಹಳ ಹೊತ್ತು ಅಂಕಪಟ್ಟಿಯನ್ನು ನೋಡುತ್ತಾ ಕುಳಿತರು. ಜೊತೆಗಾರರ ಮೇಲೆ ಒಂದು ಮಾತೂ ಆಡಲಿಲ್ಲ. ಆ ಸಜ್ಜನಿಕೆಗಾಗಿಯೇ ಅವರಿಗೆ ಕಲಿಸುವುದು ನನಗೆ ಇಷ್ಟ.

ಹಾಗಾದರೆ ಎಷ್ಟು ಬಲವಿದ್ದರೆ ಎರಡನೆಯ ಸಲ ಬಾಯಿ ತೆರೆಯಬಹುದು? ನಾನು ಹೇಳುವ ಲೆಕ್ಕ ಸ್ಥೂಲವಾದದ್ದು. ಜೋಡಿಯಿಂದ ಜೋಡಿಗೆ ಒಪ್ಪಂದ ಬದಲಾಗುತ್ತದೆ. ನಾಲ್ಕು ಎಲೆಯ ಬೆಂಬಲದ ಜೊತೆಗೆ, ಕಡಿಮೆ ಇರುವ ಸೂಟಿಗೆ ಕೊಡುವ ಅಂಕವನ್ನೂ ಸೇರಿಸಿ 16ರಿಂದ 18 ಇದ್ದರೆ 2ಕ್ಕೆ ಏರಿಸಬಹುದು. 19ರಿಂದ 21 ಇದ್ದರೆ 3ಕ್ಕೆ. "17 ಇದ್ದೂ ಬರೇ ಎರಡಾ?" ಎಂದು ಕೇಳುವವರು ಅದೇ ಲೆಕ್ಕವನ್ನು ಮತ್ತೆ ಮಾಡಲಿ: ನಮ್ಮ 17 (ಎಲ್ಲವೂ ಎಲೆಯ ಅಂಕವೇ ಎಂದಿಟ್ಟುಕೊಂಡರೆ), ಓಪನರ್‌ನ 12 ಹೋದರೆ ಉಳಿಯುವುದು 11, ಜೊತೆಗಾರರ ಪಾಲು ಐದೋ ಆರೋ. ನಮ್ಮ ಕೈ ಬೆಳೆದಷ್ಟೂ ಅವರ ಕೈ ಬಡವಾಗುತ್ತದೆ. ಡಬಲ್ ಮಾಡಿ ಅನಂತರ ಸ್ವಂತ ಸೂಟ್ ಹೇಳುವುದಕ್ಕೂ ಒಳ್ಳೆಯ ಐದು ಎಲೆಯ ಜೊತೆಗೆ 17-18 ಬೇಕು. 13 ಅಂಕ, ಐದು ಇಸ್ಪೀಟು ಇದ್ದವರು ಮೊದಲೇ 1 ಇಸ್ಪೀಟು ಎನ್ನಬೇಕಾಗಿತ್ತು. ನೋ-ಟ್ರಂಪ್‌ನ (ತುರುಪಿಲ್ಲದ ಆಟದ) ಮಾತೂ ಹೀಗೆಯೇ: 15ರಿಂದ 18ಕ್ಕೆ ನೇರವಾಗಿ 1 ನೋ-ಟ್ರಂಪ್, ಡಬಲ್ ಮಾಡಿ ಆಮೇಲೆ ಹೇಳಿದರೆ 19-20.

ಅಂಕಗಳೆಲ್ಲ ಒಂದೇ ತೂಕದವಲ್ಲ ಎಂಬುದನ್ನೂ ನೋಡಬೇಕು. ಆ ಕೃಷಿಕರಿಗೆ ನಾನು ಹೇಳಿದ್ದು ಹೀಗೆ: "ಅಣ್ಣಾ, ಗೋಣಿ ತೂಗಿ ಅಡಿಕೆಯ ಕ್ರಯ ಹೇಳುತ್ತೀರಾ? ಚಾಲಿ ಎಷ್ಟು, ಪಟೋರ ಎಷ್ಟು, ಕೋಕ ಎಷ್ಟು ಎಂದು ಹೆರಕಿದ ಮೇಲೆ ತಾನೇ?" ಓಪನರ್‌ನ ಸೂಟಿನಲ್ಲಿ ರಾಣಿ-ಗುಲಾಮ ಎರಡೇ ಎಲೆ ಇದ್ದರೆ ಆ 3 ಅಂಕ ಕೋಕದ, ಅಂದರೆ ಕಳಪೆ ಅಡಿಕೆಯ, ಲೆಕ್ಕ. ಅದೇ ಸೂಟಿನ ರಾಜ, ಜೊತೆಗೊಂದು ಸಣ್ಣ ಎಲೆ ಇದ್ದರೆ ಒಳ್ಳೆಯ ಚಾಲಿ. ಎಕ್ಕ ಬಹುಶಃ ಬಲಗಡೆಯವರಲ್ಲಿದೆ, ಅವರು ನಮಗಿಂತ ಮೊದಲು ಆಡಬೇಕು. ಜೊತೆಗಾರರ ಕೈಯಲ್ಲಿ ಅದೇ ರಾಜ ಇದ್ದರೆ ಬೆಲೆ ಇಳಿಯುತ್ತದೆ, ಎಕ್ಕ ಅವರ ನಂತರ ಆಡುತ್ತದೆ.

ಒಂದು ವಿನಾಯಿತಿ ಇದೆ. ಎಡಗಡೆಯ ಎದುರಾಳಿ ನಡುವೆ ಏನಾದರೂ ಬಿಡ್ ಮಾಡಿದ್ದರೆ ಜೊತೆಗಾರರ ಮೇಲೆ ಒತ್ತಾಯವಿಲ್ಲ. ಆಗ ಅವರು ತಾವಾಗಿ ಆಡಿದ ಮಾತಿಗೆ ತೂಕವಿದೆ, ನಾಲ್ಕು ಎಲೆ ಬೆಂಬಲ ಇರುವ 14-15ರ ಕೈಯೂ ಸ್ವಲ್ಪ ಧೈರ್ಯ ಮಾಡಬಹುದು.

ಕಳೆದ ವಾರ ಆ ಕೃಷಿಕರಿಗೆ ಮತ್ತೆ 14 ಬಂತು. ಡಬಲ್ ಮಾಡಿದರು, ಜೊತೆಗಾರರು 1 ಆಟೀನು ಎಂದರು. ಅವರ ಬೆರಳು ಬಿಡ್ಡಿಂಗ್ ಬಾಕ್ಸ್‌ನ ಮೇಲೆ ಸ್ವಲ್ಪ ಹೊತ್ತು ನಿಂತು, ಕೊನೆಗೆ ಪಾಸ್‌ನ ಹಸಿರು ಕಾರ್ಡನ್ನು ಎಳೆಯಿತು. ಆಟ ಮುಗಿದ ಮೇಲೆ ಕೇಳಿದರು: "ಆ ಎಡಗಡೆಯವರು ಆಮೇಲೆ 2 ಡೈಮಂಡ್ ಎಂದಿದ್ದರೆ, ಮಾಷ್ಟ್ರೇ?" ನಾನು ಹೇಳಿದೆ: ಆಗ ಮಾತಿನ ಸರದಿ ಜೊತೆಗಾರರದು. ನಿಮ್ಮಲ್ಲಿ ಆಟೀನಿಗೆ ಬೆಂಬಲವಿದೆ ಎಂದು ಡಬಲ್‌ನಿಂದಲೇ ಅವರಿಗೆ ಗೊತ್ತು. ಅವರಲ್ಲಿ ಐದು ಆಟೀನೂ ಆರೇಳು ಅಂಕವೂ ಇದ್ದರೆ 2 ಆಟೀನು ಎಂದು ಅವರೇ ಹೇಳುತ್ತಾರೆ.